ಘಟ್ಟದ ದಾರಿಯಲ್ಲಿ ಕಿಟಕಿ ಪಕ್ಕ ಕುಳಿತವರಿಗೆ



ಬೆಟ್ಟಕ್ಕೆ ಬಂದಿಳಿದವರು ರಶೀದಿ ಕೌಂಟರಿನ ಮುಂದೆ ನಿಂತು ಕೇಳುವ ಪ್ರಶ್ನೆಗಳಲ್ಲಿ ಇದೊಂದು ಖಾಯಂ: “ಇಲ್ಲಿ ಹತ್ತಿರದಲ್ಲಿ ನೋಡೋಕೆ ಏನೇನಿದೆ ಸ್ವಾಮಿ?” ನಾನು ಮರಳಿ ಕೇಳುತ್ತೇನೆ, “ಯಾವ ಕಡೆಯಿಂದ ಬಂದ್ರಿ?” “ಚಾರ್ಮಾಡಿ ಮೇಲೆ.” “ಘಟ್ಟ ಹೇಗಿತ್ತು?” ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ರಾತ್ರಿ ಊರು ಬಿಟ್ಟವರಾದರೆ ಘಟ್ಟದಲ್ಲಿ ಎಲ್ಲರಿಗೂ ನಿದ್ದೆ. ಹಗಲು ಬಂದವರಾದರೆ ಟಿ.ಟಿ.ಯಲ್ಲಿ ಪಿಕ್ಚರ್ ಹಾಕಿದ್ದರು, ಬಿಸಿಲು ಹೊಡೆಯುತ್ತದೆಂದು ಪರದೆ ಎಳೆದಿದ್ದರು. ಈಗಂತೂ ಎಲ್ಲರ ಕೈಯಲ್ಲೂ ಮೊಬೈಲು. ನೋಡತಕ್ಕದ್ದು ಹಿಂದೆಯೇ ದಾಟಿಹೋಗಿದೆ, ಇವರು ಮುಂದೆ ಏನಿದೆ ಎಂದು ಕೇಳುತ್ತಿದ್ದಾರೆ!

ಒಮ್ಮೆ ಒಬ್ಬ ತಾಯಿ ನಿಜವನ್ನೇ ಹೇಳಿದರು. “ನೋಡ್ದೆ ಕಣಪ್ಪಾ, ಎಲ್ಲಾ ಕಡೆ ಬರೀ ಹಸಿರು. ಆಮೇಲೆ ಬೇಜಾರಾಯ್ತು, ಮಲಗಿಬಿಟ್ಟೆ.” ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಅವರದೇನೂ ತಪ್ಪಿಲ್ಲ. ಯಾವುದು ಏನೆಂದು ಗೊತ್ತಿಲ್ಲದಿದ್ದರೆ ಹಸಿರು ಬರೀ ಹಸಿರೇ. ಆದಕಾರಣ ನನಗೆ ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ. ಹೆಚ್ಚಿನ ಯಾತ್ರಿಕರು ಹಿಡಿಯುವ ಸುತ್ತು ಒಂದೇ. ಹಾಸನ, ಬೇಲೂರು, ಮೂಡಿಗೆರೆ ಮೇಲೆ ಕೊಟ್ಟಿಗೆಹಾರಕ್ಕೆ ಬಂದು ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳ, ಅಲ್ಲಿಂದ ಕಾರ್ಕಳದ ಮೇಲೆ ಕುದುರೆಮುಖ ಹತ್ತಿ ಕಳಸ, ಹೊರನಾಡು, ಆಮೇಲೆ ಶೃಂಗೇರಿ, ಕೊನೆಗೆ ಆಗುಂಬೆ ಘಾಟಿ ಇಳಿದು ಉಡುಪಿ. ಮೂರು ಸಲ ಘಟ್ಟ. ಮೂರೂ ಒಂದೇ ತರಹ ಇಲ್ಲ.

ಕೊಟ್ಟಿಗೆಹಾರಕ್ಕೆ ಮುಂಚೆ

ಬೇಲೂರು ದಾಟಿ ಮೂಡಿಗೆರೆ ಹತ್ತಿರವಾಗುತ್ತಿದ್ದಂತೆ ರಸ್ತೆಯ ಎರಡೂ ಕಡೆ ಮರಗಳು ಒತ್ತಾಗುತ್ತವೆ. “ಆಹಾ ಕಾಡು ಶುರುವಾಯ್ತು” ಎಂದು ಬಸ್ಸಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಕಾಡಲ್ಲ, ಕಾಫಿ ತೋಟ. ಗುರುತು ಹಿಡಿಯುವುದು ಸುಲಭ. ಮರದ ಕೆಳಗೆ ನೋಡಿ, ಎದೆಯ ಎತ್ತರಕ್ಕೋ ಆಳೆತ್ತರಕ್ಕೋ ಸವರಿದ ಗಿಡಗಳು ಒಂದೇ ಸಮನಾಗಿ ನಿಂತಿದ್ದರೆ ಕಾಫಿ. ನೆಟ್ಟಗೆ ಕಂಬದಂತೆ ಹೋದ ಬೂದು ಬಣ್ಣದ ಮರ ಸಿಲ್ವರ್ ಓಕ್. ಅದರ ಮೂಲ ಆಸ್ಟ್ರೇಲಿಯಾ. ಅದಕ್ಕೆ ಸೀರೆ ಸುತ್ತಿದ ಹಾಗೆ ಹಬ್ಬಿರುವ ಬಳ್ಳಿ ಕಾಳುಮೆಣಸು. ನಿಜವಾದ ಕಾಡಿನಲ್ಲಿ ಹೀಗೆ ಒಪ್ಪವಾಗಿ ಏನೂ ಇರುವುದಿಲ್ಲ, ಅಡಿಯಲ್ಲಿ ಮುಳ್ಳು, ಬಿದ್ದ ಮರ, ಬೆತ್ತ, ಎಲ್ಲ ಕಲಸಿಕೊಂಡಿರುತ್ತದೆ.

ಬಾಬಾ ಬುಡನ್ ಎಂಬ ಸಂತರು 17ನೇ ಶತಮಾನದಲ್ಲಿ ಅರಬ್ ನಾಡಿನಿಂದ ಏಳು ಕಾಫಿ ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರೆಂಬುದು ಪ್ರತೀತಿ. ಮಾರ್ಚ್ ಏಪ್ರಿಲ್ ಹೊತ್ತಿಗೆ ಒಂದು ಹದವಾದ ಮಳೆ ಬಿದ್ದು ಎಂಟು ಹತ್ತು ದಿನವಾದರೆ ಇಡೀ ತೋಟ ಬೆಳ್ಳಗೆ ಹೂ ಬಿಡುತ್ತದೆ. ಮಲ್ಲಿಗೆಯಂಥ ಪರಿಮಳ. ಇರುವುದು ಮೂರು ನಾಲ್ಕು ದಿನ, ಅಷ್ಟೆ. ಆ ದಿನಗಳಲ್ಲಿ ಈ ದಾರಿಯಲ್ಲಿ ಹೋಗುವ ಯೋಗ ಬಂದವರು ದಯವಿಟ್ಟು ಎ.ಸಿ. ಆರಿಸಿ ಕಿಟಕಿ ತೆಗೆಯಿರಿ. ಕಣ್ಣಿಗಿಂತ ಮೂಗಿಗೇ ಹೆಚ್ಚು ಲಾಭ. ನವೆಂಬರಿನಿಂದಾಚೆ ಬಂದರೆ ಹಣ್ಣು ಕೀಳುವ ಕಾಲ, ಕಣದಲ್ಲಿ ಕಾಫಿ ಹರಡಿರುತ್ತಾರೆ.

ಕೊಟ್ಟಿಗೆಹಾರ ಬಂತು. ಇಲ್ಲಿ ಎಲ್ಲರೂ ಇಳಿದು ನೀರುದೋಸೆ ತಿನ್ನುತ್ತಾರೆ, ತಿನ್ನಲೇಬೇಕು. ತಿಂದು ಕೈ ತೊಳೆಯುವಾಗ ಒಂದು ವಿಷಯ ನೆನಪಿಟ್ಟುಕೊಳ್ಳಿ. ಈ ಸೀಮೆಯ ಜಾವಳಿ ಎಂಬಲ್ಲಿ ಹೇಮಾವತಿ ಹುಟ್ಟುತ್ತದೆ. ಘಟ್ಟದ ಈ ಮಗ್ಗುಲಲ್ಲಿ ಬಿದ್ದ ಮಳೆ ಹೇಮಾವತಿ ಸೇರಿ, ಗೊರೂರು ಅಣೆಕಟ್ಟು ದಾಟಿ, ಕೃಷ್ಣರಾಜಸಾಗರದಲ್ಲಿ ಕಾವೇರಿಯಾಗಿ, ತಮಿಳುನಾಡು ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅಲ್ಲಿಂದ ಕೆಲವೇ ಕಿಲೋಮೀಟರು ಮುಂದೆ ಘಟ್ಟದ ಅಂಚು ದಾಟಿ ಬಿದ್ದ ಮಳೆ ಮೃತ್ಯುಂಜಯ ಹೊಳೆ ಹಿಡಿದು, ನೇತ್ರಾವತಿ ಸೇರಿ, ಬಂಟ್ವಾಳದ ಮೇಲೆ ಮಂಗಳೂರಿನ ಹತ್ತಿರ ಅರಬ್ಬೀ ಸಮುದ್ರಕ್ಕೆ. ಒಂದೇ ಮೋಡ, ಅಕ್ಕಪಕ್ಕದ ಎರಡು ಹನಿ. ಒಂದು ಮೂಡಲ ಕಡಲಿಗೆ, ಇನ್ನೊಂದು ಪಡುವಣ ಕಡಲಿಗೆ. ಬೆಂಗಳೂರಿನ ನಲ್ಲಿಯಲ್ಲಿ ಬರುವ ಕಾವೇರಿ ನೀರಿನಲ್ಲಿ ಈ ಸೀಮೆಯ ಮಳೆಯ ಪಾಲೂ ಉಂಟು. ಇದನ್ನು ಹೇಳಿದ ಮೇಲೆ ಬೆಂಗಳೂರಿನ ಒಬ್ಬ ಹುಡುಗ “ಹಾಗಾದ್ರೆ ಇದು ನಮ್ಮನೇ ನೀರು” ಅಂದ. ಅವನು ಘಟ್ಟವನ್ನು ಸರಿಯಾಗಿ ನೋಡಿದವನು ಅನ್ನಿಸಿತು ನನಗೆ.

ಇಳಿಯುವಾಗ

ಚಾರ್ಮಾಡಿ ಘಾಟಿ ಈಗಿನ 73ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ. ಕಿಲೋಮೀಟರು ಕಲ್ಲಿನ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಮಕ್ಕಳಿಗೆ ಇದನ್ನು ಹೇಳಿಕೊಟ್ಟರೆ ಕಲ್ಲು ಎಣಿಸುತ್ತಾ ಹಠ ಬಿಡುತ್ತಾರೆ. ಮಳೆಗಾಲದಲ್ಲಿ ಈ ಘಟ್ಟದಲ್ಲಿ ಜಲಪಾತವನ್ನು ಹುಡುಕುವ ಕೆಲಸವೇ ಇಲ್ಲ. ಬಂಡೆ ಬಂಡೆಯಿಂದ ನೀರು ಇಳಿಯುತ್ತಿರುತ್ತದೆ. ಆದರೆ ಅದೇ ನೀರು ಘಟ್ಟವನ್ನೂ ಇಳಿಸುತ್ತದೆ. 2019ರ ಆಗಸ್ಟಿನಲ್ಲಿ ಇಲ್ಲಿ ಗುಡ್ಡ ಕುಸಿದು ರಸ್ತೆಯೇ ಮುಚ್ಚಿಹೋಗಿತ್ತು. ಆದಕಾರಣ ಜೂನಿನಿಂದ ಸೆಪ್ಟೆಂಬರ್ ತನಕ ಬರುವವರು ರಸ್ತೆ ತೆರೆದಿದೆಯೋ, ಯಾವ ವಾಹನಕ್ಕೆ ಬಿಡುತ್ತಾರೋ ವಿಚಾರಿಸಿಯೇ ಹೊರಡಬೇಕು.

ಬೆಳಕಿನ ವಿಚಾರ ಒಂದು ಮಾತು. ಘಟ್ಟದ ಮುಖ ಪಡುವಣಕ್ಕೆ. ಬೆಳಿಗ್ಗೆ ಸೂರ್ಯ ಗುಡ್ಡದ ಬೆನ್ನ ಹಿಂದೆ ಇರುತ್ತಾನೆ, ಕಣಿವೆ ನೆರಳಿನಲ್ಲಿ. ಮಂಜು ಹಾಲಿನ ಹಾಗೆ ತುಂಬಿರುತ್ತದೆ. ಮಂಜು ನೋಡಬೇಕಾದವರು ಬೆಳಿಗ್ಗೆಯೇ ಇಳಿಯಲಿ. ಮರ, ಬಂಡೆ, ಕಣಿವೆಯ ಆಳ ಕಾಣಬೇಕೆಂದರೆ ಮಧ್ಯಾಹ್ನ ಊಟದ ಮೇಲೆ ಹೊರಡುವುದು ವಾಸಿ, ಆಗ ಬಿಸಿಲು ನೇರವಾಗಿ ಗುಡ್ಡದ ಮೇಲೆ ಬಿದ್ದಿರುತ್ತದೆ. ಫೆಬ್ರುವರಿ ಮಾರ್ಚಿನಲ್ಲಿ ಕೆಲವು ಮರಗಳ ತುದಿ ಕೆಂಪಗೆ ಕಂಡರೆ ಒಣಗಿದೆ ಎಂದುಕೊಳ್ಳಬೇಡಿ. ಅದು ಚಿಗುರು. ನಾಗಸಂಪಿಗೆಯಂಥ ಮರಗಳ ಎಳೆ ಎಲೆ ಕೆಂಪಾಗಿಯೇ ಹುಟ್ಟಿ ಆಮೇಲೆ ಹಸಿರಾಗುತ್ತದೆ.

ಘಟ್ಟ ಇಳಿದ ಮೇಲೆ ಎಲ್ಲವೂ ಬದಲು. ಸೆಕೆ ಮೈಗೆ ಅಂಟುತ್ತದೆ. ಮಣ್ಣು ಕೆಂಪು, ಗೋಡೆ ಕಟ್ಟುವುದು ಅದೇ ನೆಲದಿಂದ ಕಡಿದು ತೆಗೆದ ಕೆಂಪು ಮುರಕಲ್ಲಿನಿಂದ. ಮನೆಯ ಮೇಲೆ ಮಂಗಳೂರು ಹಂಚು. ಬಸ್ಸಿನಲ್ಲಿ ಹತ್ತುವವರ ಮಾತು ತುಳುವಾಗುತ್ತದೆ. ಒಂದು ಗಂಟೆಯ ದಾರಿಯಲ್ಲಿ ಹವೆ, ಮನೆ, ಮಾತು ಮೂರೂ ಬದಲಾಗುವುದನ್ನು ನಿದ್ದೆಯಲ್ಲಿ ಕಳೆಯುವುದೆಂದರೆ!

ಡ್ರೈವರಿಗೆ ತೋರಿಸಬೇಡಿ

ಈಗ ಒಂದು ಮುಖ್ಯ ವಿಚಾರ. ಇದನ್ನು ಓದದಿದ್ದರೆ ಉಳಿದದ್ದನ್ನು ಓದಿ ಪ್ರಯೋಜನವಿಲ್ಲ.

ಸುಮಾರು 30 ವರ್ಷದ ಹಿಂದಿನ ಮಾತು. ನೆಂಟರ ಮದುವೆ ಮುಗಿಸಿ ಬಾಡಿಗೆ ವ್ಯಾನಿನಲ್ಲಿ ಆಗುಂಬೆ ಘಾಟಿ ಹತ್ತುತ್ತಿದ್ದೆವು. ಹನ್ನೊಂದು ಜನ. ನಾನು ಮುಂದಿನ ಸೀಟಿನಲ್ಲಿ ಡ್ರೈವರ್ ಪಕ್ಕ. ಒಂದು ತಿರುವಿನಲ್ಲಿ ಎಡಗಡೆ ಮಂಜು ಸರಿದು ಕಣಿವೆ ತಳದ ತನಕ ತೆರೆದುಕೊಂಡಿತು. ನನಗೆ ಸಂತೋಷ ತಡೆಯಲಾಗದೆ ಅವನ ತೋಳು ಮುಟ್ಟಿ, “ಅಲ್ನೋಡಣ್ಣಾ, ಅಲ್ನೋಡು!” ಎಂದು ಕೂಗಿದೆ. ಅವನು ನೋಡಿದ. ಒಂದು ಕ್ಷಣ ಅಷ್ಟೆ. ಎಡಗಡೆಯ ಮುಂದಿನ ಚಕ್ರ ಡಾಂಬರು ಬಿಟ್ಟು ಕೆಳಗಿಳಿದು, ವ್ಯಾನು ವಾಲಿ, ತಡೆಗೋಡೆಯ ಕಲ್ಲಿಗೆ ಒರಗಿ ನಿಂತಿತು. ಯಾರಿಗೂ ಗಾಯವಿಲ್ಲ. ಹಿಂದೆ ಮಕ್ಕಳು ಅಳುತ್ತಿದ್ದವು. ನಮ್ಮ ಅತ್ತೆ ಮಡಿಲಲ್ಲಿ ಹಿಡಿದಿದ್ದ ಬುತ್ತಿ ಚೆಲ್ಲಿ ವ್ಯಾನೆಲ್ಲಾ ಚಿತ್ರಾನ್ನ. ಡ್ರೈವರ್ ಇಳಿದು ಕಲ್ಲಿನ ಮೇಲೆ ಕೂತ. ಬೀಡಿ ಹಚ್ಚಲು ನೋಡಿದ, ಕೈ ನಡುಗಿ ಮೂರು ಕಡ್ಡಿ ಆರಿಹೋಯಿತು. ನಾನು ಹಚ್ಚಿಕೊಟ್ಟೆ. ಅವನು ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೋ ಏನೋ.

ತಪ್ಪು ಅವನದಲ್ಲ, ನನ್ನದು. ಆವತ್ತಿನಿಂದ ನಾನು ಹೇಳುವುದಿಷ್ಟೆ: ವಾಹನದಲ್ಲಿ ಒಬ್ಬನು ಮಾತ್ರ ದೃಶ್ಯ ನೋಡುವಂತಿಲ್ಲ, ಅವನು ನೋಡದೇ ಇರುವುದರಿಂದಲೇ ಉಳಿದವರು ನೋಡುತ್ತಿರುವುದು. ಅವನನ್ನು ಕೂಗಬೇಡಿ, ತೋಳು ಮುಟ್ಟಬೇಡಿ, ಮೊಬೈಲು ಅವನ ಮುಖದ ಮುಂದೆ ಚಾಚಬೇಡಿ. ನೋಡಲೇಬೇಕಾದ ಜಾಗವಿದ್ದರೆ ಮುಂಚೆಯೇ ಹೇಳಿ, “ಅಗಲ ಇರೋ ಕಡೆ ನಿಲ್ಲಿಸಿಪ್ಪಾ” ಎಂದು. ತಿರುವಿನಲ್ಲಿ ನಿಲ್ಲಿಸು ಎಂದು ಹಠ ಹಿಡಿಯಬಾರದು; ಹಿಂದೆ ಬರುವ ಲಾರಿಗೆ ನಿಮ್ಮ ಗಾಡಿ ಕಾಣುವುದಿಲ್ಲ. ನಿಲ್ಲಿಸಿದಾಗ ಅವನಿಗೂ ಒಂದು ಟೀ ಕೊಡಿಸಿ, ನೀವು ಫೋಟೋ ತೆಗೆದಷ್ಟು ಹೊತ್ತು ಅವನೂ ನಿಂತು ನೋಡಲಿ.

ಎದುರಿನ ಗಾಡಿಗೆ ಜಾಗ ಬಿಟ್ಟು ನಿಂತರೆ “ಯಾಕ್ರೀ ನಿಂತ್ರಿ, ಲೇಟಾಗುತ್ತೆ” ಎಂದು ಕೆಲವರು ರೇಗುತ್ತಾರೆ. ಗುಡ್ಡದ ರಸ್ತೆ ಕಿರಿದಾದ ಕಡೆ ಹತ್ತುವ ಗಾಡಿಗೆ ಮೊದಲ ಹಕ್ಕು, ಇಳಿಯುವವನು ನಿಂತು ದಾರಿ ಬಿಡಬೇಕು. ಇದು ಕಾನೂನು, ಅವನ ಸೋಮಾರಿತನವಲ್ಲ. ಇಳಿಯುವಾಗ ಇಂಜಿನ್ ಗೊರಗೊರ ಎಂದು ನಿಧಾನ ಹೋದರೂ ಗಾಬರಿ ಬೇಡ. ಸಣ್ಣ ಗೇರಿನಲ್ಲಿ ಇಳಿಸಿದರೆ ಇಂಜಿನ್ನೇ ಗಾಡಿಯನ್ನು ತಡೆಯುತ್ತದೆ. ಬರೀ ಬ್ರೇಕನ್ನು ನೆಚ್ಚಿ ಇಳಿದರೆ ಬ್ರೇಕ್ ಕಾದು ಹಿಡಿಯದೇ ಹೋಗುವ ಅಪಾಯವುಂಟು.

ಜಲಪಾತ ಕಂಡಾಕ್ಷಣ ಬಂಡೆ ಹತ್ತುವವರ ವಿಚಾರ ಎಷ್ಟು ಬರೆದರೂ ಅಷ್ಟೆ. ಪಾಚಿ ಕಟ್ಟಿದ ಕಲ್ಲಿಗೆ ನೀವು ಭಕ್ತರೋ ಪ್ರವಾಸಿಗರೋ ಗೊತ್ತಾಗುವುದಿಲ್ಲ. ಕೋತಿಗಳಿಗೆ ಬಾಳೆಹಣ್ಣು ಎಸೆಯುವುದೂ ಬೇಡ, ಪುಣ್ಯವೆಂದು ಎಸೆಯುತ್ತಾರೆ. ಅವು ಕಾಡು ಬಿಟ್ಟು ಟಾರು ರಸ್ತೆಯಲ್ಲೇ ಕೂರುವುದು ಕಲಿತು ಚಕ್ರಕ್ಕೆ ಸಿಗುತ್ತವೆ.

ಬೋಳು ಗುಡ್ಡಗಳ ಗುಟ್ಟು

ಧರ್ಮಸ್ಥಳದಿಂದ ಹೊರನಾಡಿಗೆ ಹೋಗುವವರು ಕಾರ್ಕಳ, ಬಜಗೋಳಿ, ಮಾಳದ ಮೇಲೆ ಎರಡನೆಯ ಘಟ್ಟ ಹತ್ತುತ್ತಾರೆ. ಹತ್ತಿದ ಮೇಲೆ ಎಸ್.ಕೆ. ಬಾರ್ಡರ್ ಎಂಬ ಜಾಗ. ಎಸ್.ಕೆ. ಅಂದರೆ ಸೌತ್ ಕೆನರಾ, ಹಳೆಯ ದಕ್ಷಿಣ ಕನ್ನಡ ಜಿಲ್ಲೆ. ಜಿಲ್ಲೆ ಒಡೆದು ಉಡುಪಿ ಬೇರೆಯಾದರೂ ಆ ಹೆಸರು ಅಲ್ಲೇ ನಿಂತಿದೆ.

ಇಲ್ಲಿಂದ ಮುಂದೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. 1987ರಲ್ಲಿ ಘೋಷಣೆಯಾಯಿತು. ಈ ಕಾಡಿನ ದಾರಿಯಲ್ಲಿ ಎಲ್ಲೆಂದರಲ್ಲಿ ಗಾಡಿ ನಿಲ್ಲಿಸುವಂತಿಲ್ಲ, ರಾತ್ರಿ ಓಡಾಟಕ್ಕೂ ನಿರ್ಬಂಧವುಂಟು, ಚೆಕ್‌ಪೋಸ್ಟಿನವರು ಹೇಳಿದಂತೆ ಕೇಳಬೇಕು. ಹಾಗಾಗಿ ಓಡುವ ಗಾಡಿಯಿಂದಲೇ ನೋಡಬೇಕು, ನೋಡಲು ಇಲ್ಲಿ ಬೇಕಾದಷ್ಟಿದೆ. ಗುಡ್ಡದ ಮೈಯೆಲ್ಲಾ ಮಖಮಲ್ಲಿನಂಥ ಹುಲ್ಲು, ಮಡಿಕೆ ಮಡಿಕೆಯಲ್ಲಿ ಮಾತ್ರ ಕಪ್ಪು ಹಸಿರಿನ ಕಾಡು. “ಮರ ಎಲ್ಲಾ ಯಾರು ಕಡಿದ್ರು ಸ್ವಾಮಿ?” ಎಂದು ಬಹಳ ಜನ ಕೇಳುತ್ತಾರೆ. ಯಾರೂ ಕಡಿದದ್ದಲ್ಲ. ತಲೆಯ ಮೇಲೆ ಗಾಳಿ ಜೋರು, ಮಣ್ಣು ತೆಳು. ಅಲ್ಲಿ ಹುಲ್ಲೇ ಬೆಳೆಯುವುದು. ಮಡಿಕೆಯಲ್ಲಿ ಗಾಳಿಯ ಮರೆ, ಮಣ್ಣಿನ ದಪ್ಪ, ತೇವ ಇರುವುದರಿಂದ ಮರ. ಇದಕ್ಕೆ ಶೋಲಾ ಕಾಡು ಎನ್ನುತ್ತಾರೆ. ಮಳೆಗಾಲದ ನೀರನ್ನು ಹುಲ್ಲೂ ಕಾಡೂ ಹಿಂಡದ ಬಟ್ಟೆಯ ಹಾಗೆ ಹಿಡಿದಿಟ್ಟುಕೊಂಡು ಬೇಸಿಗೆಯಲ್ಲಿ ಸ್ವಲ್ಪ ಸ್ವಲ್ಪವೇ ಬಿಡುತ್ತವೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಈ ಶ್ರೇಣಿಯಲ್ಲೇ ಇದೆ. ಬೋಳು ಎಂದು ನಾವು ಹೇಳುವ ಗುಡ್ಡ ಮೂರು ನದಿಯ ತೊಟ್ಟಿಲು.

ಇದೇ ಗುಡ್ಡಗಳಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿದ್ದರು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಗಣಿಗಾಗಿ ಕಟ್ಟಿದ ಊರು, ಸಾಲು ಮನೆಗಳು ದಾರಿಯಲ್ಲಿ ಸಿಗುತ್ತವೆ. ಅಲ್ಲಿ ದುಡಿದವರ ಸಂಸಾರಗಳು ಊರು ಬಿಟ್ಟವು, ನದಿಗಳು ತಿಳಿಯಾದವು. ಎರಡೂ ನಿಜ. 2012ರಲ್ಲಿ ಯುನೆಸ್ಕೋದವರು ಪಶ್ಚಿಮ ಘಟ್ಟವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖವೂ ಅದರಲ್ಲಿ ಸೇರಿತು.

ಆಗುಂಬೆಯ ವಿಚಾರ ಎಲ್ಲರಿಗೂ ಗೊತ್ತಿರುವುದೇ. ವರ್ಷಕ್ಕೆ ಸರಾಸರಿ 7000 ಮಿ.ಮೀ. ಮೀರಿದ ಮಳೆ, ಚಳ್ಳಕೆರೆ ಕಡೆಯ ಬಯಲಿನವರಿಗೆ 500 ಮಿ.ಮೀ. ಆಸುಪಾಸಿನಲ್ಲಿ ವರ್ಷ ಮುಗಿಯುತ್ತದೆ. ಕಡಲಿನಿಂದ ಬಂದ ಮೋಡ ಈ ಗೋಡೆಗೆ ಹೊಡೆದು ಇಲ್ಲೇ ಸುರಿದು ಹಗುರಾಗಿ ಆ ಕಡೆ ಹೋಗುವುದೇ ಕಾರಣ. ಘಾಟಿಯಲ್ಲಿ 14 ಹೇರ್‌ಪಿನ್ ತಿರುವು, ಭಾರೀ ವಾಹನಗಳಿಗೆ ನಿರ್ಬಂಧ, ಮಿನಿ ಬಸ್ಸುಗಳು ಓಡುತ್ತವೆ. ಸೂರ್ಯಾಸ್ತ ನೋಡಲು ನವೆಂಬರಿನಿಂದ ಜನವರಿ ಒಳ್ಳೆಯ ಕಾಲ, ಆಕಾಶ ತಿಳಿಯಾಗಿದ್ದರೆ ದೂರದಲ್ಲಿ ಕಡಲು ಹೊಳೆಯುತ್ತದೆ. ಜುಲೈನಲ್ಲಿ ಬಂದು “ಸೂರ್ಯ ಕಾಣ್ಲಿಲ್ಲ, ದುಡ್ಡು ದಂಡ” ಎಂದವರಿದ್ದಾರೆ. ಜುಲೈನಲ್ಲಿ ಇಲ್ಲಿ ಸೂರ್ಯನನ್ನು ಕೇಳಬಾರದು, ಮಳೆಯನ್ನು ಕೇಳಬೇಕು. ಹುಲ್ಲಿನಲ್ಲಿ ಕಾಲಿಟ್ಟರೆ ಉಂಬಳ ಹತ್ತುತ್ತದೆ, ಒಂದು ಚಿಟಿಕೆ ಉಪ್ಪು ಚೀಲದಲ್ಲಿರಲಿ.

ವಾಂತಿಯಾಗುವವರು ಮುಂದಿನ ಸೀಟು ಕೇಳಿ ಪಡೆಯಿರಿ. ಹೊಟ್ಟೆ ತುಂಬಾ ತಿನ್ನಬಾರದು, ಪೂರ್ತಿ ಖಾಲಿಯೂ ಬೇಡ. ಪುಸ್ತಕ, ಮೊಬೈಲು ನೋಡಬಾರದು (ಈ ಪುಸ್ತಕವನ್ನೂ ಸಹ). ದೂರದ ಗುಡ್ಡವನ್ನು ನೋಡುತ್ತಿರಬೇಕು. ಕಣ್ಣಿಗೂ ಕಿವಿಗೂ ಹೊಂದಾಣಿಕೆ ತಪ್ಪುವುದರಿಂದ ಹೊಟ್ಟೆ ತೊಳೆಸುವುದಂತೆ, ಹೊರಗೆ ನೋಡಿದರೆ ಅದು ಸರಿಹೋಗುತ್ತದೆ. ಅಂದರೆ ಔಷಧಿಯೂ ಕಿಟಕಿಯ ಹೊರಗೇ ಇದೆ.

ಭಾವನ ಸೀಟು

ನಮ್ಮ ಅಕ್ಕನ ಗಂಡ ಬಸ್ ಡ್ರೈವರ್ ಆಗಿದ್ದರು. 26 ವರ್ಷ, ಹೆಚ್ಚಿನ ಪಾಲು ಚಾರ್ಮಾಡಿಯದೇ ರೂಟು. ಒಂದು ಅಪಘಾತ ಇಲ್ಲ. ರಿಟೈರ್ ಆದ ವರ್ಷ, ಚೌತಿ ಕಳೆದ ಮೇಲೆ, ಯಾವುದೋ ಕೆಲಸಕ್ಕೆ ನಾವಿಬ್ಬರೂ ಬಸ್ಸಿನಲ್ಲಿ ಘಟ್ಟ ಇಳಿಯಬೇಕಾಯಿತು. “ಭಾವ, ಕಿಟಕಿ ಪಕ್ಕ ನೀವು ಕೂತ್ಕೊಳ್ಳಿ” ಅಂದೆ. ಎಡಗಡೆ ಮೂರನೇ ಸೀಟು.

ಮೊದಲ ಕೆಲವು ತಿರುವು ಅವರು ಹೊರಗೆ ನೋಡಲೇ ಇಲ್ಲ. ಕಣ್ಣು ಮುಂದಿನ ಗಾಜಿನ ಮೇಲೆ. ತಿರುವು ಬಂದಾಗೆಲ್ಲಾ ಬಲಗಾಲು ಬಸ್ಸಿನ ನೆಲವನ್ನು ಒತ್ತುತ್ತಿತ್ತು. ಹಾರನ್ ಹಾಕಬೇಕಾದ ಕಡೆ ಬೆರಳು ತಾನಾಗಿ ಅಲುಗುತ್ತಿತ್ತು. ನಾನು ಏನೂ ಹೇಳಲಿಲ್ಲ.

ಹೀಗೇ ಇಳಿಯುತ್ತಿರುವಾಗ ನೀರಿನ ಸದ್ದು ಕೇಳಿತು. ಭಾವ ತಟ್ಟನೆ ನೆಟ್ಟಗೆ ಕೂತರು. “ಈ ಸದ್ದು ನಂಗೆ ಗೊತ್ತು ಮಾರಾಯ. ಇದು ಬಂದ ಕೂಡ್ಲೆ ಸೆಕೆಂಡ್ ಗೇರಿಗೆ ಹಾಕೋದು, ಮುಂದೆ ದೊಡ್ಡ ತಿರುವು.” ಬಸ್ಸು ತಿರುಗಿತು. ಅವರೂ ತಿರುಗಿದರು. ಮೇಲಿನ ಮಂಜಿನೊಳಗಿಂದ ಬೆಳ್ಳಗೆ ಒಂದೇ ಧಾರೆ ಇಳಿದು, ಬಂಡೆಗೆ ಬಡಿದು ಎರಡಾಗಿ, ರಸ್ತೆಯ ಮೋರಿಯ ಕೆಳಗೆ ನುಗ್ಗುತ್ತಿತ್ತು. ಹತ್ತು ಸೆಕೆಂಡು ಕಂಡಿರಬಹುದು. ಹನಿ ಅವರ ಕನ್ನಡಕದ ಮೇಲೆ ಬಿತ್ತು, ಒರೆಸಿಕೊಳ್ಳಲಿಲ್ಲ.

“ಇಷ್ಟು ದೊಡ್ಡದಾ ಇದು?” ಅಂದರು. ಆಮೇಲೆ ಬಹಳ ಹೊತ್ತು ಮಾತಿಲ್ಲ. ಘಟ್ಟ ಇಳಿದು, ಉಜಿರೆಯ ಮನೆಗಳು ಕಾಣಲು ಶುರುವಾದ ಮೇಲೆ ನನ್ನ ಮೊಣಕೈ ತಟ್ಟಿ ಹೇಳಿದರು:

“ಸಂಜೆ ಹತ್ತುವಾಗ ಅದು ಬಲಗಡೆ ಬರ್ತದೆ. ನೀನು ಮೊದ್ಲೇ ಹೋಗಿ ಸೀಟು ಹಿಡಿ ಮಾರಾಯ.”